ಹೆಗಲೇರಿ ಬರುವ ದೇವರು

ಟೋಕಿಯೊದ ಅಸಕುಸಾದಲ್ಲಿ ನಾವು ಸಂಸಾರ ಹೂಡಿದ್ದ ವರ್ಷಗಳಲ್ಲಿ ಕಂಡ ಸಂಜಾ ಮತ್ಸುರಿ ಎಂಬ ಹಬ್ಬದ ಬಗ್ಗೆ ಕಳೆದ ಸಂಚಿಕೆಯ ಈ ಅಂಕಣದಲ್ಲಿ ಒಂದು ಪ್ಯಾರಾ ಬರೆದಿದ್ದೆ. ದೇವರನ್ನು ಕೂರಿಸುವ ಪುಟ್ಟ ದೇಗುಲವಾದ ಮಿಕೋಶಿಯನ್ನು ಜನ ಹೆಗಲ ಮೇಲೆ ಹೊತ್ತು ಬೀದಿ ಬೀದಿ ಸುತ್ತುವ ಹಬ್ಬ ಅದು. ಅದರ ಬಗ್ಗೆ ಬಂದ ಪತ್ರಗಳು ಬಹಳವಾದ್ದರಿಂದ ಈ ಸಲದ ಪುಟಗಳೆಲ್ಲ ಅದಕ್ಕೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಮಿಕೋಶಿ ಎಂದರೆ ನಮ್ಮ ಪಲ್ಲಕ್ಕಿಯೇ ತಾನೆ? ಒಳಗೆ ಉತ್ಸವಮೂರ್ತಿ ಇರುತ್ತದೆಯೇ? (ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ನಿಮಗೆ ಪಲ್ಲಕ್ಕಿ ನೆನಪಾಗುವುದು ಸಹಜ. ದೇವರು ಗುಡಿಯಿಂದ ಹೊರಬಂದು ತನ್ನ ಜನರ ನಡುವೆ ಸುತ್ತುವುದು, ಜನ ಹೆಗಲು ಕೊಡುವುದು ಎರಡರಲ್ಲೂ ಇದೆ. ಆದರೆ ಮಿಕೋಶಿಯಲ್ಲಿ ಕಣ್ತುಂಬ ನೋಡಲು ಮೂರ್ತಿ ಇಲ್ಲ. ಅದು ನಾಲ್ಕೂ ಕಡೆ ಮುಚ್ಚಿದ ಪುಟ್ಟ ದೇಗುಲ. ಕಪ್ಪು ಅರಗಿನ ಮೆರುಗು ಕೊಟ್ಟ ಚಾವಣಿ, ಅದರ ನಾಲ್ಕು ಮೂಲೆಗಳಿಂದ ಮೇಲಕ್ಕೆ ಸುರುಳಿ ಸುತ್ತಿಕೊಂಡ ಚಿನ್ನದ ಬಣ್ಣದ ಕೊಂಬುಗಳು, ನೆತ್ತಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ಹೋಓ ಎಂಬ ಪುರಾಣದ ಹಕ್ಕಿ, ಸುತ್ತಲೂ ಅಂಗೈಯಗಲದ ತೋರಣಬಾಗಿಲುಗಳು. ದಪ್ಪ ರೇಷ್ಮೆ ಹುರಿಗಳನ್ನು ಬಿಗಿದು ಕಟ್ಟಿ, ಅವುಗಳ ಜೊತೆಗೆ ಗೆಜ್ಜೆಗಂಟೆಗಳನ್ನು ತೂಗುಬಿಟ್ಟಿರುತ್ತಾರೆ. ಅಡಿಯಲ್ಲಿ ಉದ್ದಕ್ಕೆ ಎರಡು ತೊಲೆ, ಅವಕ್ಕೆ ಅಡ್ಡವಾಗಿ ಮತ್ತಷ್ಟು ತೊಲೆ.

ಅಸಕುಸಾ ದೇಗುಲದ ಮಿಕೋಶಿಗಳಿಗೆ ದೇವರು ಬರುವುದು ಹಬ್ಬದ ಹಿಂದಿನ ದಿನ, ಗುರುವಾರ ಸಂಜೆ. ಆವರಣದ ದೀಪಗಳನ್ನು ಆರಿಸಿ, ಕತ್ತಲಲ್ಲಿ ಅರ್ಚಕರು ದೇವರ ಚೈತನ್ಯವನ್ನು ಗರ್ಭಗುಡಿಯಿಂದ ಮಿಕೋಶಿಗೆ ಬರಮಾಡಿಕೊಳ್ಳುತ್ತಾರೆ. ಆ ಕ್ಷಣದಲ್ಲಿ ಸುತ್ತ ನಿಂತವರು ತಲೆ ಬಾಗಿಸಿರುತ್ತಾರೆ. ಬೆಳಗ್ಗೆವರೆಗೂ ಬೀದಿಯವರು ಒರೆಸಿ ಹೊಳಪು ಕೊಟ್ಟು ಮುಟ್ಟಿ ಮುಟ್ಟಿ ನೋಡುತ್ತಿದ್ದ ಮರದ ವಸ್ತು ಆಮೇಲೆ ಬೇರೆಯೇ ಆಗಿಬಿಡುತ್ತದೆ. ಅಂದಿನಿಂದ ಅದನ್ನು ಮಹಡಿಯ ಮೇಲಿನಿಂದ ಇಣುಕಿ ನೋಡುವುದು ಕೂಡ ಅಗೌರವ ಎಂದು ಹಳಬರು ಹೇಳುತ್ತಾರೆ. ಮಿಕೋಶಿ ಬರುವಾಗ ನಮ್ಮ ಎದುರು ಮನೆಯವರು ಮೇಲಿನ ಕಿಟಕಿ ಮುಚ್ಚಿ ಕೆಳಗಿಳಿದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಪ್ರಶ್ನೆ: ಈ ಪದ್ಧತಿ ಎಷ್ಟು ಹಳೆಯದು?

ಉತ್ತರ: ಸಾಮಾನ್ಯವಾಗಿ ಹೇಳುವ ಮೊದಲ ಉದಾಹರಣೆ 749ನೆಯ ಇಸವಿಯದು. ಆಗಿನ ರಾಜಧಾನಿ ನಾರಾದಲ್ಲಿ ತೋದಾಯ್‌ಜಿ ಎಂಬ ಬೌದ್ಧ ಮಂದಿರದ ಮಹಾಬುದ್ಧನ ವಿಗ್ರಹ ಸಿದ್ಧವಾಗುತ್ತಿದ್ದಾಗ ಕ್ಯೂಶೂ ದ್ವೀಪದ ಊಸಾದಿಂದ ಹಾಚಿಮಾನ್ ದೇವರು ನೇರಳೆ ಬಣ್ಣದ ಪಲ್ಲಕ್ಕಿಯಲ್ಲಿ ರಾಜಧಾನಿಗೆ ಬಂದ ದಾಖಲೆ ಇದೆ. ಇದೇ ವಿಗ್ರಹಕ್ಕೆ 752ರಲ್ಲಿ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ನಾರಾಕ್ಕೆ ಹೋದ ಭಾರತೀಯರು ಇದನ್ನು ತಿಳಿಯದೆ ಅಲ್ಲಿಯ ಉದ್ಯಾನದ ಜಿಂಕೆಗಳಿಗೆ ತಿಂಡಿ ಹಾಕಿ ವಾಪಸಾಗುವುದು ನನಗೆ ಬೇಸರದ ಸಂಗತಿ.

ಮಿಕೋಶಿ ಯಾವಾಗಲೂ ಶಾಂತಿಯಿಂದಲೇ ಹೊರಬಂದದ್ದಲ್ಲ. 1095ರಿಂದ ಮುಂದೆ ಹಿಯೇಯ್ ಬೆಟ್ಟದ ಎನ್‌ರ್ಯಾಕುಜಿ ಎಂಬ ಬೌದ್ಧ ಮಂದಿರದ ಸನ್ಯಾಸಿ ಪಡೆಗಳು ತಪ್ಪಲಿನ ಹಿಯೋಶಿ ದೇಗುಲದ ಮಿಕೋಶಿಗಳನ್ನು ಹೊತ್ತು ಕ್ಯೋಟೊಗೆ ನುಗ್ಗಿ ಅರಮನೆಯ ಮುಂದೆ ತಮ್ಮ ಬೇಡಿಕೆ ಇಡುತ್ತಿದ್ದವು. ಎದುರಿಗೆ ದೇವರೇ ನಿಂತಿರುವಾಗ ಯಾವ ಸೈನಿಕ ಬಾಣ ಬಿಟ್ಟಾನು? ಕಾಮೊ ನದಿಯ ನೀರು, ಪಗಡೆಯ ದಾಳ, ಬೆಟ್ಟದ ಸನ್ಯಾಸಿಗಳು, ಈ ಮೂರು ಮಾತ್ರ ತನ್ನ ಅಂಕೆಗೆ ಸಿಗವು ಎಂದು ಶಿರಕಾವಾ ಚಕ್ರವರ್ತಿ ಅಲವತ್ತುಕೊಂಡನೆಂದು ಹೇಳುತ್ತಾರೆ.

ಪ್ರಶ್ನೆ: ಸಂಜಾ ಮತ್ಸುರಿಯಲ್ಲಿ ಯಾವ ದೇವರ ಪೂಜೆ? ಅಸಕುಸಾದಲ್ಲಿರುವುದು ಬೌದ್ಧ ದೇವಾಲಯವೆಂದು ಓದಿದ್ದೇನೆ. ಗೊಂದಲವಾಗಿದೆ. (ಕಾಲೇಜು ವಿದ್ಯಾರ್ಥಿನಿ)

ಉತ್ತರ: ನೀವು ಓದಿದ್ದು ಸೆನ್ಸೋಜಿಯ ಬಗ್ಗೆ. ದೊಡ್ಡ ಕೆಂಪು ಲಾಂದ್ರ ತೂಗುವ ಹೆಬ್ಬಾಗಿಲಿನದು ಅದೇ. ಅದರ ಮುಖ್ಯ ಮಂದಿರದ ಬಲಗಡೆಗೆ ಹೊರಳಿದರೆ ಅಸಕುಸಾ ದೇಗುಲ. ಇದು ಜಪಾನಿನ ಮೂಲ ಧರ್ಮವಾದ ಶಿಂಟೊ ಸಂಪ್ರದಾಯದ್ದು. ಎರಡೂ ಒಂದೇ ಕಥೆಯಿಂದ ಹುಟ್ಟಿದವು.

628ರ ವಸಂತದಲ್ಲಿ ಹಿನೊಕುಮಾ ಹಮನಾರಿ, ಹಿನೊಕುಮಾ ತಕೆನಾರಿ ಎಂಬ ಅಣ್ಣತಮ್ಮಂದಿರು ಸುಮಿದಾ ನದಿಯಲ್ಲಿ ಮೀನಿಗೆ ಬಲೆ ಬೀಸಿದ್ದರು. ಬಲೆಗೆ ಒಂದು ಪುಟ್ಟ ವಿಗ್ರಹ ಬಂತು. ಅದು ಕರುಣೆಯ ಬೋಧಿಸತ್ವ ಕನ್ನೊನ್, ನಾವು ಅವಲೋಕಿತೇಶ್ವರ ಎನ್ನುವವನು, ಎಂದು ಗುರುತಿಸಿದವನು ಊರಿನ ಹಿರಿಯ ಹಾಜಿನೊ ನಕತೊಮೊ. ಅವನು ತನ್ನ ಮನೆಯನ್ನೇ ಮಂದಿರವಾಗಿಸಿದ. ಆ ವಿಗ್ರಹ ಇಂದಿಗೂ ಸೆನ್ಸೋಜಿಯಲ್ಲಿದೆ ಎನ್ನುತ್ತಾರೆ. ಅದನ್ನು ಯಾರಿಗೂ ತೋರಿಸುವುದಿಲ್ಲ. ವಿಗ್ರಹವನ್ನು ಕಂಡ ಆ ಮೂವರು ಮನುಷ್ಯರನ್ನೇ ದೇವರೆಂದು ಪೂಜಿಸುವ ಸ್ಥಳ ಅಸಕುಸಾ ದೇಗುಲ. ಮೂರು ಮುಖ್ಯ ಮಿಕೋಶಿಗಳು ಈ ಮೂವರವು.

ಇದರಲ್ಲಿ ನನ್ನ ಮನಸ್ಸನ್ನು ತಟ್ಟುವುದು ಒಂದೇ. ರಾಜನೂ ಅಲ್ಲದ, ವೀರನೂ ಅಲ್ಲದ ಇಬ್ಬರು ಬೆಸ್ತರನ್ನು ಒಂದು ಮಹಾನಗರ ಪ್ರತಿ ವರ್ಷ ಹೆಗಲ ಮೇಲೆ ಹೊತ್ತು ಮೆರೆಸುತ್ತದೆ. ಈಗಿರುವ ದೇಗುಲವನ್ನು 1649ರಲ್ಲಿ ಶೋಗುನ್, ಅಂದರೆ ಆಗ ದೇಶ ಆಳುತ್ತಿದ್ದ ಸೇನಾಧಿಪತಿ, ತೊಕುಗಾವಾ ಇಯೆಮಿತ್ಸು ಕಟ್ಟಿಸಿಕೊಟ್ಟ. ಬೌದ್ಧ ಮಂದಿರ ಬೇರೆ, ಶಿಂಟೊ ದೇಗುಲ ಬೇರೆ ಎಂದು 1868ರಲ್ಲಿ ಮೇಯ್ಜಿ ಚಕ್ರವರ್ತಿಯ ಸರ್ಕಾರ ಆಜ್ಞೆ ಹೊರಡಿಸುವವರೆಗೆ ಎರಡಕ್ಕೂ ಸೇರಿ ಒಂದೇ ಹಬ್ಬ. ಆಗ ಅದು ಮಾರ್ಚ್ ತಿಂಗಳಲ್ಲಿ ನಡೆಯುತ್ತಿತ್ತು, ಮಿಕೋಶಿಗಳನ್ನು ದೋಣಿಗಳಲ್ಲಿಟ್ಟು ಸುಮಿದಾ ನದಿಯಲ್ಲಿ ಒಯ್ಯುತ್ತಿದ್ದರು. 1872ರಿಂದ ಮೇ ತಿಂಗಳಿಗೆ ಬಂತು. 1945ರ ಮಾರ್ಚ್ 10ರ ಬಾಂಬ್ ದಾಳಿಯಲ್ಲಿ ಸೆನ್ಸೋಜಿಯ ಮುಖ್ಯ ಮಂದಿರ ಸುಟ್ಟುಹೋಯಿತು, ದೇಗುಲದ ಮಿಕೋಶಿಗಳೂ ಬೂದಿಯಾದವು. ಪಕ್ಕದ ಅಸಕುಸಾ ದೇಗುಲದ ಕಟ್ಟಡ ಮಾತ್ರ ಉಳಿಯಿತು. ಈಗ ಹೊರುವವು ಯುದ್ಧ ಮುಗಿದ ಮೇಲೆ ಮಾಡಿಸಿದವು. ಊರೇ ಸುಟ್ಟು ಮನೆ ಕಳೆದುಕೊಂಡಿದ್ದ ಜನ ಅಷ್ಟು ಬೇಗ ಮಿಕೋಶಿ ಮಾಡಿಸಲು ಹಣ ಕೂಡಿಸಿದರಲ್ಲ ಎಂದು ನಾನು ಈಗಲೂ ಬೆರಗಾಗುತ್ತೇನೆ.

ಪ್ರಶ್ನೆ: ಒಂದು ವಿಡಿಯೊದಲ್ಲಿ ಮಿಕೋಶಿಯನ್ನು ಹುಚ್ಚೆದ್ದವರಂತೆ ಅಲುಗಾಡಿಸುತ್ತಿದ್ದರು. ದೇವರಿರುವ ಪೆಟ್ಟಿಗೆಯನ್ನು ಹೀಗೆ ಕುಲುಕುವುದು ಅಪಚಾರವಲ್ಲವೇ?

ಉತ್ತರ: ಅಲ್ಲ. ಹೊರುವವರ ನಂಬಿಕೆ ಇದಕ್ಕೆ ತದ್ವಿರುದ್ಧ. ಕುಲುಕಿದಷ್ಟೂ ದೇವರ ಚೈತನ್ಯ ಎಚ್ಚರಗೊಳ್ಳುತ್ತದೆ, ಬಲ ಹೆಚ್ಚುತ್ತದೆ, ಅದು ಬೀದಿಯ ಮೇಲೆಲ್ಲ ಹರಡುತ್ತದೆ ಎಂಬುದು ಅವರ ಭಾವನೆ. ಟೋಕಿಯೊ ಶೈಲಿಯಲ್ಲಿ ಕಾಲನ್ನು ನೆಲದಿಂದ ಹೆಚ್ಚು ಎತ್ತದೆ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ, ಒಬ್ಬರ ಬೆನ್ನಿಗೆ ಒಬ್ಬರು ಒತ್ತಿಕೊಂಡು, ‘ಸೋಯಾ! ಸೇಯಾ!’ ಎಂದು ಕೂಗುತ್ತ ಕುಪ್ಪಳಿಸುತ್ತಾರೆ. ನೀವು ಕಂಡದ್ದು ಇದನ್ನೇ ಇರಬೇಕು. ಹಿಮೆಜಿಯಲ್ಲಿ ಅಕ್ಟೋಬರ್ 14 ಮತ್ತು 15ರಂದು ನಡೆಯುವ ನಾದಾ ಹಬ್ಬದಲ್ಲಿ ಇನ್ನೂ ಮುಂದಕ್ಕೆ ಹೋಗಿ ಮೂರು ಮಿಕೋಶಿಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತಾರೆ. ಎಷ್ಟು ಮುರಿದರೆ ದೇವರಿಗೆ ಅಷ್ಟು ಪ್ರೀತಿ.

ಮೆರವಣಿಗೆಯ ಗದ್ದಲದ ಹಿಂದೆ ಬಿಗಿಯಾದ ಶಿಸ್ತು ಇದೆ ಎಂಬುದು ವಿಡಿಯೊದಲ್ಲಿ ಕಾಣುವುದಿಲ್ಲ. ಮಿಕೋಶಿ ಏಳುವ ಮೊದಲು ಎಲ್ಲರೂ ಸೇರಿ ಲಯಬದ್ಧವಾಗಿ ಚಪ್ಪಾಳೆ ತಟ್ಟುತ್ತಾರೆ: ಮೂರು, ಮೂರು, ಮೂರು, ಕೊನೆಗೆ ಒಂದು. ಎರಡು ಮರದ ತುಂಡುಗಳನ್ನು ತಟ್ಟಿ ಸದ್ದು ಮಾಡಿದಾಗಲೇ ಎತ್ತುವುದು, ಅದೇ ಸದ್ದು ಕೇಳಿದಾಗಲೇ ಇಳಿಸುವುದು. ಇಳಿಸುವಾಗ ಕೆಳಗೆ ಕಾಲುಗಳುಳ್ಳ ಮರದ ಆನಿಕೆಗಳನ್ನು ಸರಿಸಿ ಕೊಡುತ್ತಾರೆ. ದೇವರು ನೆಲಕ್ಕೆ ತಾಗಬಾರದು. ಇಳಿಸಿದ ಮೇಲೆ ಮತ್ತೆ ಚಪ್ಪಾಳೆ. ಅಷ್ಟು ಹೊತ್ತು ಕಿರುಚಿ ಗಂಟಲು ಕಟ್ಟಿದ ಜನ ಆ ಕೊನೆಯ ಚಪ್ಪಾಳೆಗೆ ಒಮ್ಮೆಲೇ ಸುಮ್ಮನಾಗುತ್ತಾರೆ.

ಪ್ರಶ್ನೆ: ಹೆಂಗಸರು ಹೊರಬಹುದೇ? ವಿದೇಶಿಯರಿಗೆ ಅವಕಾಶ ಇದೆಯೇ? ನೀವು ಹೊತ್ತಿದ್ದೀರಾ? (ಇದನ್ನು ಕೇಳಿದವರೇ ಹೆಚ್ಚು)

ಉತ್ತರ: ಅಸಕುಸಾದಲ್ಲಿ ಹೆಂಗಸರು ಹೊರುತ್ತಾರೆ. ನಾನೂ ಹೊತ್ತಿದ್ದೇನೆ. ಹೆಂಗಸರಿಗೆ ಮುಟ್ಟಲು ಬಿಡದ ಹಬ್ಬಗಳು ಜಪಾನಿನಲ್ಲಿ ಈಗಲೂ ಇವೆ. ಅವು ಬದಲಾಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊರುವುದು ಹೇಗೆಂದು ತಿಳಿಯಬೇಕಾದರೆ ಚೋಕಾಯ್ ಎಂಬುದನ್ನು ತಿಳಿಯಬೇಕು. ಅದು ನೆರೆಹೊರೆಯವರ ಸಂಘ. ಅಸಕುಸಾ ದೇಗುಲಕ್ಕೆ ಸೇರಿದ 44 ಸಂಘಗಳಿವೆ. ಒಂದೊಂದಕ್ಕೂ ತನ್ನದೇ ಮಿಕೋಶಿ, ದೊಡ್ಡವರದ್ದು ಮತ್ತು ಮಕ್ಕಳದ್ದು, ಎಲ್ಲ ಸೇರಿ ನೂರರಷ್ಟು. ಒಂದೊಂದಕ್ಕೂ ತನ್ನದೇ ಬಣ್ಣದ, ಬೆನ್ನ ಮೇಲೆ ಗುರುತಿರುವ ಹಾನ್‌ತೆನ್ ಎಂಬ ಗಿಡ್ಡ ಮೇಲಂಗಿ. ಅದನ್ನು ತೊಡದೆ ಆ ಬೀದಿಯ ತೊಲೆಗೆ ಕೈ ಹಾಕುವಂತಿಲ್ಲ. ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಇಂಥ ಮೇಲಂಗಿ ಸಿಕ್ಕೀತು, ಆದರೆ ಆ ಗುರುತು ಸಿಗದು.

ನಮ್ಮ ಸಂಘದ ಮುಖ್ಯಸ್ಥರು ಸೆನ್‌ಬೇಯ್ ಎಂಬ ಅಕ್ಕಿಯ ಬಿಲ್ಲೆಗಳನ್ನು ಕೆಂಡದ ಮೇಲೆ ಸುಟ್ಟು ಮಾರುವ ಅಂಗಡಿಯವರು. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಡೆಯುತ್ತಿದ್ದರು. ಸಂಘದ ಸುದ್ದಿಗಳು ಹಲಗೆಯೊಂದಕ್ಕೆ ಸಿಕ್ಕಿಸಿದ ಸುತ್ತೋಲೆಯಾಗಿ ಮನೆಯಿಂದ ಮನೆಗೆ ದಾಟುತ್ತವೆ. ಓದಿ, ಮೊಹರು ಒತ್ತಿ, ಪಕ್ಕದ ಮನೆಗೆ ಕೊಡಬೇಕು. ಒಂದು ವಸಂತದಲ್ಲಿ ಆ ಹಲಗೆಯನ್ನು ಅವರೇ ಹಿಡಿದು ಬಂದು, ಹಬ್ಬದ ತಯಾರಿಗೆ ಸಭಾಂಗಣಕ್ಕೆ ಬರುತ್ತೀರಾ ಎಂದು ಕೇಳಿದರು. ಹೊರುತ್ತೀರಾ ಎಂದು ಕೇಳಲಿಲ್ಲ. ಮೊದಲು ಕೆಲಸ, ಆಮೇಲೆ ತೊಲೆ.

ಕೆಲಸವೆಂದರೆ ಏನೇನು! ಬೀದಿಯುದ್ದಕ್ಕೂ ಸೂರುಗಳಿಗೆ ಹುಲ್ಲಿನ ಹಗ್ಗ ಕಟ್ಟಿ ಬಿಳಿ ಕಾಗದದ ಪತಾಕೆ ಸಿಕ್ಕಿಸಬೇಕು. ಲಾಂದ್ರ ತೂಗಬೇಕು. ವಂತಿಗೆ ಕೊಟ್ಟವರ ಹೆಸರು, ಮೊತ್ತಗಳನ್ನು ಕುಂಚದಲ್ಲಿ ಬರೆದ ಹಾಳೆಗಳನ್ನು ಗೋಡೆಗೆ ಅಂಟಿಸಬೇಕು: ಈ ಮನೆಯವರು ಐದು ಸಾವಿರ ಯೆನ್, ಆ ಅಂಗಡಿಯವರು ಹತ್ತು ಸಾವಿರ ಯೆನ್, ಇನ್ನೊಬ್ಬರು ಸಾಕೇ ಎಂಬ ಅಕ್ಕಿ ಮದ್ಯದ ಬಾಟಲಿಗಳು. ಮಿಕೋಶಿ ಕೂರಿಸುವ ಚಪ್ಪರ ಹಾಕಬೇಕು, ಹೊರುವವರಿಗೆ ಅನ್ನದ ಉಂಡೆ ಕಟ್ಟಬೇಕು, ಬಾರ್ಲಿ ಚಹಾ ಕುದಿಸಿ ತಣಿಸಬೇಕು. ಕಣ್ಣು ಕೋರೈಸುವ ಮೆರವಣಿಗೆಗಿಂತ ಈ ಸಭಾಂಗಣದ ಸಂಜೆಗಳೇ ನನಗೆ ಹಬ್ಬ. ಮೂವತ್ತು ವರ್ಷ ಎದುರುಬದುರು ಇದ್ದೂ ಮಾತು ಬಿಟ್ಟಿದ್ದ ಇಬ್ಬರು ಅಲ್ಲಿ ಒಂದೇ ಹಗ್ಗದ ಎರಡು ತುದಿ ಹಿಡಿದು ಹೊಸೆಯುವುದನ್ನು ನೋಡಿದ್ದೇನೆ.

ತೊಲೆ ಸಿಕ್ಕಾಗ ನನಗೆ ಸಿಕ್ಕಿದ್ದು ಹಿಂಭಾಗ. ತೊಲೆಯ ಮುಂತುದಿ ಅನುಭವಿಗಳ ಸ್ವತ್ತು, ಅದಕ್ಕೆ ಪೈಪೋಟಿ ಇದೆ. ನಾನು ಕುಳ್ಳಿ. ಎತ್ತರದವರ ಪಕ್ಕದಲ್ಲಿ ಕುಳ್ಳರಿಗೆ ತೊಲೆ ತಾಗುವುದೇ ಇಲ್ಲ, ಲಯ ತಪ್ಪಿದ ಕೂಡಲೇ ಮಾತ್ರ ಧಡ್ಡನೆ ಹೆಗಲ ಮೇಲೆ ಬಂದು ಬೀಳುತ್ತದೆ. ಪಕ್ಕದ ಹೆಂಗಸು ನನ್ನ ಸೊಂಟ ಹಿಡಿದು ತೊಲೆಗೆ ಒತ್ತಿದರು, ದೇಹವನ್ನು ಅದಕ್ಕೆ ಅಂಟಿಸಿಬಿಡಿ, ಅದು ಏಳುವಾಗ ಏಳಿ, ಇಳಿಯುವಾಗ ಇಳಿಯಿರಿ ಎಂದರು. ಹಾಗೆ ಮಾಡಿದ ಮೇಲೆ ನೋವಿದ್ದರೂ ಹೊಡೆತವಿರಲಿಲ್ಲ. ಬೆವರು, ಸಾಕೇ ವಾಸನೆ, ಕಿವಿಯ ಪಕ್ಕದಲ್ಲೇ ಗೆಜ್ಜೆಗಂಟೆಗಳ ಸದ್ದು. ಸುತ್ತ ನಡೆಯುವವರು ಹೊತ್ತವರ ಜಾಗಕ್ಕೆ ಒಬ್ಬೊಬ್ಬರಾಗಿ ನುಸುಳಿಕೊಳ್ಳುತ್ತಾರೆ, ಮಿಕೋಶಿ ನಿಲ್ಲುವುದೇ ಇಲ್ಲ. ಮರುದಿನ ಹೆಗಲು ಊದಿ ಕೆಂಪಾಗಿತ್ತು. ಹಳೆಯ ಹೊರುವವರ ಹೆಗಲ ಮೇಲೆ ಆಣಿಯಂಥ ಗಂಟು ಶಾಶ್ವತವಾಗಿ ನಿಂತುಬಿಟ್ಟಿರುತ್ತದೆ, ಅದು ಅವರಿಗೆ ಹೆಮ್ಮೆ.

ವಿದೇಶಿಯರ ವಿಷಯ: ಅಲ್ಲಿ ವಾಸವಿದ್ದು, ಸಂಘಕ್ಕೆ ಸೇರಿ, ಕೆಲಸಕ್ಕೆ ಬಂದರೆ ಬಾಗಿಲು ತೆರೆದಿದೆ. ಇನ್ನೊಂದು ದಾರಿ, ಮಿಕೋಶಿ ಹೊರುವುದನ್ನೇ ಪ್ರೀತಿಸುವವರ ಕೂಟಗಳು. ಹಳಬರು ಊರು ಬಿಟ್ಟು, ಮನೆಗಳಿದ್ದಲ್ಲಿ ಹೋಟೆಲುಗಳೆದ್ದು, ಹೆಗಲುಗಳ ಕೊರತೆ ಆಗಿರುವುದರಿಂದ ಅನೇಕ ಬೀದಿಗಳು ಈ ಕೂಟಗಳನ್ನು ಕರೆಯುತ್ತವೆ. ಹೊರಗಿನವರು ಹೊರುವುದು ತಪ್ಪಲ್ಲ. ಆದರೆ ಒಂದು ದಿನ ಬಂದು ಹೊತ್ತು ಫೋಟೊ ತೆಗೆಸಿಕೊಂಡು ಹೋಗುವವರಿಂದ ಈ ಹಬ್ಬ ಉಳಿಯುವುದಿಲ್ಲ. ಲೋಟ ತೊಳೆಯುವವರು ಬೇಕು.

ಪ್ರಶ್ನೆ: ಮಿಕೋಶಿಯ ಮೇಲೆ ಹತ್ತಿ ನಿಲ್ಲುವ, ಮೈತುಂಬ ಹಚ್ಚೆಯ ಗಂಡಸರ ಚಿತ್ರ ನೋಡಿದ್ದೇನೆ. ಹಾಗೆ ಹತ್ತಬಹುದೇ?

ಉತ್ತರ: ಹಳೆಯ ಚಿತ್ರವಿರಬೇಕು. ದೇವರಿರುವ ಮಿಕೋಶಿಯ ತೊಲೆಗಳ ಮೇಲೆ ಹತ್ತಿ ನಿಲ್ಲುವುದನ್ನು ದೇಗುಲ ಒಪ್ಪುವುದಿಲ್ಲ. ಎಚ್ಚರಿಕೆ ಕೊಟ್ಟರೂ 2007ರಲ್ಲಿ ಹತ್ತಿದರು, ಪೊಲೀಸರು ಕೆಲವರನ್ನು ಬಂಧಿಸಿದರು. ಮರುವರ್ಷ, 2008ರಲ್ಲಿ, ಮೂರು ಮುಖ್ಯ ಮಿಕೋಶಿಗಳನ್ನು ಹೊರಗೆ ತರಲೇ ಇಲ್ಲ. ಇಡೀ ಊರು ವರ್ಷವೆಲ್ಲ ಕಾಯುವ ದಿನವನ್ನು ರದ್ದು ಮಾಡಲು ಎಷ್ಟು ಗಟ್ಟಿ ಮನಸ್ಸು ಬೇಕು ಯೋಚಿಸಿ. ಸರಿಯಾದ ತೀರ್ಮಾನವೆಂದೇ ನನ್ನ ನಂಬಿಕೆ. 2011ರ ಭೂಕಂಪದ ವರ್ಷವೂ ಹಬ್ಬ ನಡೆಯಲಿಲ್ಲ. 2020ರಲ್ಲಿ ಕೊರೊನಾ ಕಾರಣ ಅಕ್ಟೋಬರಿಗೆ ಮುಂದೂಡಿ, ಹೊರುವ ಬದಲು ಮಿಕೋಶಿಯನ್ನು ಲಾರಿಯಲ್ಲಿಟ್ಟು ಬೀದಿ ಸುತ್ತಿಸಿದರು.

ಪ್ರಶ್ನೆ: ಎಷ್ಟು ಭಾರ? ಯಾರು ತಯಾರಿಸುತ್ತಾರೆ?

ಉತ್ತರ: ಅಸಕುಸಾದ ಮುಖ್ಯ ಮಿಕೋಶಿಗಳು ಒಂದೊಂದೂ ಸುಮಾರು ಒಂದು ಟನ್. ಟೋಕಿಯೊದ ಫುಕಗಾವಾ ಭಾಗದ ತೊಮಿಯೊಕಾ ಹಾಚಿಮಾನ್ ದೇಗುಲದಲ್ಲಿ 1991ರಲ್ಲಿ ಮಾಡಿಸಿದ, ಚಿನ್ನ ವಜ್ರಗಳನ್ನು ಕೂರಿಸಿದ 4.5 ಟನ್‌ನ ಮಿಕೋಶಿಯೊಂದು ಪ್ರದರ್ಶನಕ್ಕಿದೆ. ನಾನು ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೆಗಲಿಗೆ ಬಾರದ ಮಿಕೋಶಿಯಲ್ಲಿ ನನಗೆ ಆಸಕ್ತಿ ಇಲ್ಲ. ತಯಾರಿಕೆಯಲ್ಲಿ ಬಡಗಿ, ಕೆತ್ತನೆಯವರು, ಅರಗಿನವರು, ಲೋಹದ ಕೆಲಸದವರು ಹೀಗೆ ಬೇರೆ ಬೇರೆ ಕುಶಲಿಗಳ ಕೈ ಸೇರುತ್ತದೆ. 1861ರಲ್ಲಿ ಬೇರೆಡೆ ಶುರುವಾಗಿ ಆಮೇಲೆ ಅಸಕುಸಾಕ್ಕೆ ಬಂದ ಮಿಯಾಮೊತೊ ಉನೊಸುಕೆ ಎಂಬ ಸಂಸ್ಥೆ ಮಿಕೋಶಿಗೂ ತೈಕೊ ನಗಾರಿಗಳಿಗೂ ಹೆಸರಾದುದು.

ಪ್ರಶ್ನೆ: ಜುಲೈನಲ್ಲಿ ಜಪಾನಿಗೆ ಹೋಗುತ್ತಿದ್ದೇವೆ. ಆಗ ಇಂಥ ಹಬ್ಬ ನೋಡಲು ಸಿಗುತ್ತದೆಯೇ?

ಉತ್ತರ: ಬೇಕಾದಷ್ಟು. ಕ್ಯೋಟೊದ ಗಿಯೊನ್ ಮತ್ಸುರಿ ಜುಲೈ ತಿಂಗಳು ಪೂರ್ತಿ ನಡೆಯುತ್ತದೆ. 869ರಲ್ಲಿ ರೋಗರುಜಿನ ಹಬ್ಬಿದಾಗ ದೇಶದ 66 ಪ್ರಾಂತ್ಯಗಳ ಲೆಕ್ಕದಲ್ಲಿ 66 ಈಟಿಗಳನ್ನು ನೆಟ್ಟು ಪ್ರಾರ್ಥಿಸಿದ್ದು ಅದರ ಮೂಲ. 17ರ ಬೆಳಗಿನ ಎತ್ತರದ ತೇರುಗಳನ್ನು ನೋಡಲು ಲಕ್ಷಾಂತರ ಜನ ಸೇರುತ್ತಾರೆ. ಅವುಗಳ ಮೈಗೆ ತೂಗುಬಿಟ್ಟ ಹಳೆಯ ಬಟ್ಟೆಗಳಲ್ಲಿ 16ನೆಯ ಶತಮಾನದ ಬೆಲ್ಜಿಯಂ ಪರದೆಗಳೂ ಭಾರತದಲ್ಲಿ ನೇಯ್ದ ರತ್ನಗಂಬಳಿಗಳೂ ಇವೆ. ಆದರೆ ತೇರು ನೋಡಿ ಹೋಟೆಲಿಗೆ ಮರಳಬೇಡಿ. ತೇರುಗಳು ಬೀದಿಯನ್ನು ಶುದ್ಧಮಾಡುವುದು ಆ ಸಂಜೆ ಬರುವ ದೇವರಿಗಾಗಿ. ಯಾಸಕಾ ದೇಗುಲದಿಂದ ಮೂರು ಮಿಕೋಶಿಗಳು ‘ಹೊಯ್ತ್ತೊ! ಹೊಯ್ತ್ತೊ!’ ಎಂಬ ಕೂಗಿನೊಂದಿಗೆ ಹೊರಟು ಶಿಜೋ ಬೀದಿಯ ತಂಗುಮನೆಯಲ್ಲಿ ವಾರ ಕಾಲ ಇದ್ದು, 24ರ ರಾತ್ರಿ ಹಿಂತಿರುಗುತ್ತವೆ. ದೇಗುಲದ ಲಾಂಛನ ಅಡ್ಡ ಕೊಯ್ದ ಸೌತೆಕಾಯಿಯಂತೆ ಕಾಣುವುದರಿಂದ ಹಬ್ಬಕ್ಕೆ ಸೇರಿದವರು ಆ ತಿಂಗಳು ಸೌತೆಕಾಯಿ ತಿನ್ನುವುದಿಲ್ಲ.

ಒಸಾಕಾದಲ್ಲಿ 24 ಮತ್ತು 25ರಂದು ತೆಂಜಿನ್ ಮತ್ಸುರಿ. ವಿದ್ಯೆಯ ದೇವರಾದ ಸುಗವಾರಾ ನೊ ಮಿಚಿಜಾನೆಯನ್ನು ಸುಮಾರು ನೂರು ದೋಣಿಗಳ ಮೆರವಣಿಗೆಯಲ್ಲಿ ನದಿಯ ಮೇಲೆ ಕರೆದೊಯ್ಯುತ್ತಾರೆ. ಆಗಸ್ಟ್ ಮಧ್ಯದವರೆಗೆ ಉಳಿಯುವುದಾದರೆ ಫುಕಗಾವಾ ಹಬ್ಬದ ವರ್ಷವೇ ಎಂದು ವಿಚಾರಿಸಿ. ದೊಡ್ಡ ಹಬ್ಬ ಮೂರು ವರ್ಷಕ್ಕೊಮ್ಮೆ. ಅಲ್ಲಿ ಬೀದಿಯ ಎರಡೂ ಕಡೆಯಿಂದ ಹೊರುವವರ ಮೇಲೆ ಬಕೆಟ್‌ಗಟ್ಟಲೆ ನೀರು ಎರಚುತ್ತಾರೆ.

ಪ್ರಶ್ನೆ: ಸಂಜಾ ಮತ್ಸುರಿಗೆ ಯಾವ ದಿನ ಹೋದರೆ ಒಳ್ಳೆಯದು? ಟಿಕೆಟ್ ಇದೆಯೇ?

ಉತ್ತರ: ಟಿಕೆಟ್ ಇಲ್ಲ, ಬೀದಿಯಲ್ಲಿ ಯಾರೂ ನಿಲ್ಲಬಹುದು. ಮೇ ತಿಂಗಳ ಮೂರನೆಯ ವಾರಾಂತ್ಯದ ಶುಕ್ರವಾರ, ಶನಿವಾರ, ಭಾನುವಾರ ಹಬ್ಬ. ಶುಕ್ರವಾರದ ಮೆರವಣಿಗೆಯಲ್ಲಿ ವೇಷಭೂಷಣಗಳ ಸೊಗಸಿದೆ, ಬಿನ್‌ಜಸಾರಾ ಎಂಬ ಹಳೆಯ ಬೆಳೆಹಬ್ಬದ ಕುಣಿತವೂ ಇದೆ. ಭಾನುವಾರ ಬೆಳ್ಳಂಬೆಳಗ್ಗೆ ಮೂರು ಮುಖ್ಯ ಮಿಕೋಶಿಗಳು ಹೊರಟು ಕತ್ತಲಾದ ಮೇಲೆ ಮರಳುತ್ತವೆ. ಎಲ್ಲ ಪ್ರವಾಸಿ ಪುಸ್ತಕಗಳೂ ಅದನ್ನೇ ನೋಡಿ ಎನ್ನುತ್ತವೆ. ನೂಕುನುಗ್ಗಲಲ್ಲಿ ನಿಮಗೆ ಕಾಣುವುದು ಹಕ್ಕಿಯ ತಲೆ ಮಾತ್ರ.

ನನ್ನನ್ನು ಕೇಳಿದರೆ ಶನಿವಾರ ಹೋಗಿ. ಮಧ್ಯಾಹ್ನದ ಹೊತ್ತಿಗೆ ಬೀದಿಗಳ ಮಿಕೋಶಿಗಳೆಲ್ಲ ಸೆನ್ಸೋಜಿಯ ಹಿಂದಿನ ಬಯಲಿನಲ್ಲಿ ಸೇರಿ, ಒಂದರ ಹಿಂದೆ ಒಂದು ದೇಗುಲಕ್ಕೆ ಹೋಗಿ ಶುದ್ಧಿ ಮಾಡಿಸಿಕೊಂಡು ತಂತಮ್ಮ ಬೀದಿಗಳಿಗೆ ಹೊರಡುತ್ತವೆ. ಯಾವುದಾದರೂ ಒಂದನ್ನು ಆರಿಸಿಕೊಂಡು ಅದರ ಹಿಂದೆಯೇ ನಡೆಯಿರಿ. ಅಂಗಡಿಬೀದಿ ದಾಟಿ ಎರಡು ತಿರುವು ಕಳೆದರೆ ಪ್ರವಾಸಿಗಳು ಮಾಯವಾಗುತ್ತಾರೆ. ಅಜ್ಜಿಯರು ಬಾಗಿಲಲ್ಲಿ ಕೈ ಮುಗಿದು ನಿಂತಿರುತ್ತಾರೆ, ಚಪ್ಪರದ ಬಳಿ ಸಂಘದವರು ಲೋಟಗಳನ್ನು ಜೋಡಿಸಿಕೊಂಡು ಕಾಯುತ್ತಿರುತ್ತಾರೆ. ಫೋಟೊ ತೆಗೆಯಬಹುದು, ಆದರೆ ಮಿಕೋಶಿಯ ಮುಂದೆ ಅಡ್ಡ ಬರಬೇಡಿ. ಹೊತ್ತವರಿಗೆ ಮುಂದಿನದು ಕಾಣುವುದಿಲ್ಲ, ಒಂದು ಟನ್ ಅಲ್ಲದಿದ್ದರೂ ತಟ್ಟನೆ ನಿಲ್ಲಿಸುವಷ್ಟು ಹಗುರವೂ ಅಲ್ಲ. ಮೇಲಿನ ಮಹಡಿಯ ಕಾಫಿ ಅಂಗಡಿಯಿಂದ ನೋಡುವ ಆಸೆಯನ್ನೂ ಬಿಡಿ, ಕಾರಣ ಮೊದಲೇ ಹೇಳಿದ್ದೇನೆ.

ಮಕ್ಕಳನ್ನು ಕರೆದೊಯ್ಯುವವರಿಗೆ: ಮಕ್ಕಳ ಮಿಕೋಶಿಯನ್ನು ತಪ್ಪಿಸಬೇಡಿ. ನನ್ನ ಮಗಳು ಅಲ್ಲಿಯ ಪ್ರಾಥಮಿಕ ಶಾಲೆಯ ಗೆಳತಿಯರೊಂದಿಗೆ ಅದನ್ನು ಹೊತ್ತು, ಕೊನೆಗೆ ಸಂಘದವರು ಹಂಚುವ ತಿಂಡಿ ಪೊಟ್ಟಣ ಹಿಡಿದು ಮನೆಗೆ ಬರುತ್ತಿದ್ದಳು. ಪಕ್ಕದಲ್ಲಿ ನಿಂತ ಪುಟ್ಟ ಅತಿಥಿಯನ್ನು ಕಂಡರೆ ಕೆಲವು ಬೀದಿಗಳವರು ತಾವೇ ಕರೆದು ಹಗ್ಗ ಹಿಡಿಯಲು ಕೊಡುತ್ತಾರೆ. ಆಗ ಸಂಕೋಚಪಟ್ಟು ಮಗುವನ್ನು ಹಿಂದಕ್ಕೆಳೆಯಬೇಡಿ, ತಲೆಬಾಗಿ ಒಪ್ಪಿಕೊಳ್ಳಿ.